ಪುತ್ತಿಗೆಯಲ್ಲಿ ಕಾಸಿದ ಹಳದಿ ಎಣ್ಣೆ

ಕಳೆದ ವಾರ ಹೂ ಒಣಗಿಸುವ ಬಿದಿರಿನ ಗೆರಸೆಗೆ ಹಾಸಲು ಒಂದು ತೆಳು ಬಟ್ಟೆ ಬೇಕಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸುವಾಗ ಇವರ ಹಳೆಯ ಪಂಚೆಯ ತುಂಡೊಂದು ಸಿಕ್ಕಿತು. ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ನಾನೇ ಇಟ್ಟದ್ದು. ಬಿಡಿಸಿದರೆ ನಡುವೆ ಅಂಗೈಯಷ್ಟು ಅಗಲದ ಹಳದಿ ಕಲೆ, ಅಂಚಿಗೆ ಹೋದಂತೆ ಕಂದು. ಮೂಗಿನ ಹತ್ತಿರ ಹಿಡಿದೆ. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ತೆಂಗಿನೆಣ್ಣೆ, ಅದರ ಹಿಂದೆ, ಬಾಗಿಲ ಮರೆಯಲ್ಲಿ ನಿಂತವರ ಹಾಗೆ, ಸ್ವಲ್ಪವೇ ಸ್ವಲ್ಪ ಹೊಗೆಸೊಪ್ಪು.

ಅಷ್ಟು ಸಾಕಾಯಿತು. ಪುಂಜಾಲಕಟ್ಟೆಯ ಈ ಅಡುಗೆಮನೆಯಲ್ಲಿ ನಿಂತುಕೊಂಡೇ ನಾನು ಪುತ್ತಿಗೆಯ ಆ ಜಗಲಿಗೆ ಹೋಗಿ ಕೂತೆ.

ಇವರಿಗೆ ಮೂಡುಬಿದಿರೆಯ ಕಚೇರಿಗೆ ವರ್ಗವಾದ ವರ್ಷ ಅದು. ದಿನಾ ಇಲ್ಲಿಂದ ಹೋಗಿ ಬರುವ ಎಂದು ಮೊದಲು ಅಂದುಕೊಂಡದ್ದು. ಎರಡೇ ವಾರದಲ್ಲಿ ಇವರ ಸೊಂಟ ಒಪ್ಪಲಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದಳು. ಹಾಗಾಗಿ ಪುತ್ತಿಗೆಯಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ಹಿಡಿದೆವು. ಮುಂದೆ ಕೆಂಪು ಸಿಮೆಂಟಿನ ಉದ್ದ ಜಗಲಿ, ಅದರ ಕೆಳಗೆ ಮುರಕಲ್ಲು ಕಟ್ಟಿ ಹಿಂದಿನವರು ಬಿಟ್ಟು ಹೋದ ಒಂದು ಹೂವಿನ ಪಾತಿ. ಪಾತಿಯಲ್ಲಿ ಒಂದು ತುಳಸಿ, ಎರಡು ಹರಿದ ಚಪ್ಪಲಿ, ಮತ್ತೇನೂ ಇಲ್ಲ. ಇವರು ಒಂಬತ್ತಕ್ಕೆ ಹೊರಟರೆ ಸಂಜೆ ಆರರವರೆಗೆ ಮನೆಯಲ್ಲಿ ನಾನು ಮತ್ತು ಗಡಿಯಾರ.

ಆ ಪಾತಿಗೆ ಬೀಜ ಸಿಕ್ಕಿದ್ದು ನನ್ನ ಹಳೆಯ ಶಾಲೆಯಿಂದ. ನಾನು ಓದಿದ್ದು ಬೆಳ್ತಂಗಡಿ ಕಡೆಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಮೆಟಿಲ್ಡಾ ಅಂತ ಒಬ್ಬರಿದ್ದರು, ತೋಟ ಮತ್ತು ಮದ್ದಿನ ಕೋಣೆ ಎರಡೂ ಅವರದ್ದೇ. ಓಡಿ ಬಿದ್ದು ಮೊಣಕಾಲು ಕೆತ್ತಿಕೊಂಡು ಹೋದರೆ ಮೊದಲು ಎರಡು ಮಾತು ಬೈದು, ಆಮೇಲೆ ಗಾಯ ತೊಳೆದು ಮದ್ದು ಹಾಕಿ ಕಳಿಸುತ್ತಿದ್ದರು. ಗಾಯ ಮಾಗಿ ಚರ್ಮ ಒರಟಾದ ಮೇಲೆ ಒಂದು ಹಳದಿ ಎಣ್ಣೆ ತಿಕ್ಕುತ್ತಿದ್ದರು. ಆ ಎಣ್ಣೆಗಾಗಿಯೇ ಗಾಯ ವಾಸಿಯಾಗಲಿ ಎಂದು ಕಾಯುವ ಹುಡುಗಿಯರಿದ್ದರು. ಆ ವರ್ಷ ಹಳೆ ವಿದ್ಯಾರ್ಥಿನಿಯರ ಕೂಟಕ್ಕೆ ಹೋದಾಗ ಸಿಸ್ಟರ್ ಪ್ರಾಯವಾಗಿ ಕುರ್ಚಿಯಲ್ಲಿ ಕೂತೇ ಇದ್ದರು, ಆದರೆ ನನ್ನ ಹೆಸರು ಮರೆತಿರಲಿಲ್ಲ. ಹೊರಡುವಾಗ ನೋಟ್‌ಬುಕ್ಕಿನ ಹಾಳೆ ಮಡಿಸಿ ಮಾಡಿದ ಒಂದು ಪೊಟ್ಟಣ ಕೈಯಲ್ಲಿಟ್ಟರು.

"ಕ್ಯಾಲೆಂಡುಲ. ಮಳೆ ಪೂರಾ ಬಿಟ್ಟ ಮೇಲೆ ಹಾಕು. ಪ್ರಾರ್ಥನೆ ಮಾಡು, ಆದ್ರೆ ನೀರು ಕೂಡ ಹಾಕು," ಎಂದರು. ಬಾಗಿಲ ತನಕ ಹೋದವಳನ್ನು ಪುನಃ ಕರೆದು, "ಎಣ್ಣೆ ಮಾಡುದಾದ್ರೆ ಹೂ ಒಣಗಬೇಕು. ಒಣಗಿತು ಅಂತ ನಿನಗೆ ಅನ್ನಿಸಿದ ಮೇಲೆ ಮತ್ತೆ ಮೂರು ದಿನ. ನೆನಪುಂಟಾ?" ಎಂದರು.

"ಉಂಟು ಸಿಸ್ಟರ್," ಎಂದೆ. ಮೊಣಕಾಲು ಕೆತ್ತಿಕೊಂಡ ಹುಡುಗಿಯ ಸ್ವರದಲ್ಲೇ.

ಬೀಜಗಳು ಕತ್ತರಿಸಿ ಬಿದ್ದ ಉಗುರಿನ ಹಾಗೆ ಬಾಗಿಕೊಂಡಿದ್ದವು. ನವರಾತ್ರಿ ಮುಗಿದ ಮೇಲೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ಹಾಕಿದೆ. ಸಸಿ ಬೆರಳುದ್ದ ಬಂದಾಗ ಪಾತಿಗೆ ಇಳಿಸಿದೆ. ನವೆಂಬರ್ ಕೊನೆಗೆ ಮೊದಲ ಹೂ. ಕಿತ್ತಳೆ ಬಣ್ಣ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಅರಳುವುದು, ಸಂಜೆ ಮುಚ್ಚಿಕೊಳ್ಳುವುದು. ಕೀಳುವಾಗ ಹೂವಿನ ಹಸುರು ಬುಡದಲ್ಲಿ ಒಂದು ಅಂಟು. ಹಲಸಿನ ಮೇಣದಷ್ಟಲ್ಲ, ಆದರೂ ಬೆರಳಿಗೆ ಬೆರಳು ಹಿಡಿದುಕೊಳ್ಳುತ್ತದೆ.

ಈ ಅಂಟನ್ನು ಮೊದಲು ಹಳಿದವಳು ಗಿರಿಜಕ್ಕ.

ಗಿರಿಜಕ್ಕ ಬೇಲಿಯ ಆಚೆ ಮನೆಯವಳು. ಅರುವತ್ತರ ಹತ್ತಿರದ ಪ್ರಾಯ, ಗಂಡ ತೀರಿಹೋಗಿ ಮೂರು ವರ್ಷ, ಮಕ್ಕಳಿಲ್ಲ. ಬೀಡಿ ಕಟ್ಟಿ ಬದುಕುತ್ತಿದ್ದಳು. ಅವಳ ಮನೆಗಿಂತ ನಮ್ಮ ಜಗಲಿಯಲ್ಲಿ ಬೆಳಕು ಚೆನ್ನಾಗಿತ್ತು. ನಾವು ಬಂದ ಮೂರನೇ ದಿನವೇ, "ಅಕ್ಕ, ಇಲ್ಲಿ ಕೂತ್ರೆ ನಿಮಗೆ ಬೇಜಾರುಂಟಾ?" ಎಂದು ಕೇಳಿ, ಉತ್ತರ ಬರುವುದರೊಳಗೆ ಕೂತಾಗಿತ್ತು. ಪ್ರಾಯದಲ್ಲಿ ಅವಳೇ ದೊಡ್ಡವಳು. ಆದರೂ ಅವಳಿಗೆ ನಾನು ಅಕ್ಕ, ನನಗೆ ಅವಳು ಅಕ್ಕ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ, ಇನ್ನೊಂದರಲ್ಲಿ ನೂಲಿನ ಉಂಡೆ. ಎಲೆ ಕತ್ತರಿಸಿ, ಪುಡಿ ಹಾಕಿ, ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ ಒಂದು ಬೀಡಿ ಆಗುವಷ್ಟರಲ್ಲಿ ನಾನು ಒಂದು ಬೀನ್ಸಿನ ನಾರು ತೆಗೆದಿರುವುದಿಲ್ಲ. ಅವಳು ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಮ್ಮಿಯಾದೀತು.

"ಇದೆಂತ ಹೂವು ಅಕ್ಕ? ನೋಡ್ಲಿಕ್ಕೆ ಗೊಂಡೆಹೂವಿನ ಬಡ ತಂಗಿಯ ಹಾಗೆ. ದೇವರಿಗೆ ಇಡುವ ಅಂದ್ರೆ ಅಂಟು, ಮುಡಿಯುವ ಅಂದ್ರೆ ಪರಿಮಳ ಇಲ್ಲ. ಇದಕ್ಕೆ ದಿನಾ ಎರಡು ಕೊಡ ನೀರು ಬೇರೆ!"

"ಎಣ್ಣೆ ಮಾಡ್ಲಿಕ್ಕೆ," ಎಂದೆ.

"ಎಣ್ಣೆಗೆ ತೆಂಗಿನಕಾಯಿ ಸಾಕಲ್ಲ?"

ಡಿಸೆಂಬರಿನ ಒಂದು ಬೆಳಿಗ್ಗೆ ಗಿರಿಜಕ್ಕ ಖಾಲಿ ಚೀಲ ಹಿಡಿದುಕೊಂಡು ರೇಷನ್ ಅಂಗಡಿಯಿಂದ ಸೀದಾ ನಮ್ಮ ಜಗಲಿಗೆ ಬಂದಳು. ಗೆರಸೆ ತರಲಿಲ್ಲ. ಅವಳನ್ನು ಬರಿಗೈಯಲ್ಲಿ ನಾನು ನೋಡಿದ್ದು ಅದೇ ಮೊದಲು, ಆ ಕೈಗೆ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗುತ್ತಿರಲಿಲ್ಲ.

ಆದದ್ದು ಇಷ್ಟು. ಕಾರ್ಡಿನಲ್ಲಿರುವ ಎಲ್ಲರೂ ಇನ್ನೊಮ್ಮೆ ಯಂತ್ರಕ್ಕೆ ಬೆರಳು ಕೊಟ್ಟು ತಾವು ಇದ್ದೇವೆ ಎಂದು ತೋರಿಸಬೇಕಿತ್ತು. ಗಿರಿಜಕ್ಕ ಹೆಬ್ಬೆರಳು ಇಟ್ಟಳು, ಯಂತ್ರ ಒಪ್ಪಲಿಲ್ಲ. ಇನ್ನೊಂದು ಹೆಬ್ಬೆರಳು, ಇಲ್ಲ. ಹತ್ತು ಬೆರಳೂ ಇಟ್ಟದ್ದಾಯಿತು. ಬೀಡಿ ಸುತ್ತಿ ಸುತ್ತಿ ಗೆರೆಗಳೇ ಸವೆದುಹೋಗಿದ್ದವು. ಕಣ್ಣು ನೋಡುವ ಯಂತ್ರ ರಿಪೇರಿಗೆ ಹೋಗಿದೆ, ಯಾವಾಗ ಬರುತ್ತದೆಂದು ಗೊತ್ತಿಲ್ಲವಂತೆ. ಫೋನಿಗೆ ನಂಬರು ಬರಿಸುವ ಎಂದರೆ ಆಧಾರಿಗೆ ಕೊಟ್ಟದ್ದು ಗಂಡನ ಫೋನು, ಅದು ಅವರ ಜೊತೆಗೇ ನಿಂತುಹೋಗಿದೆ. ಹೊಸ ನಂಬರು ಹಾಕಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲೂ ಮೊದಲು, "ಬೆರಳು ಇಡಿ" ಎನ್ನುತ್ತಾರೆ. ಫೆಬ್ರವರಿ ಮುಗಿಯುವುದರೊಳಗೆ ಆಗದಿದ್ದರೆ ಹೆಸರು ಕಾರ್ಡಿನಿಂದ ಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದರು.

"ಅಕ್ಕಿ ಹೇಗಾದ್ರೂ ಆಗ್ತದೆ ಅಕ್ಕ," ಎಂದಳು ಗಿರಿಜಕ್ಕ. "ಆ ಕಾರ್ಡ್ ಇಲ್ಲದಿದ್ರೆ ನಾಳೆ ಆಸ್ಪತ್ರೆಯಲ್ಲೂ ಕೇಳುವವರಿಲ್ಲ. ಕಾರ್ಡಿನಲ್ಲಿ ಇರುವುದೇ ನಾನೊಬ್ಬಳು. ಅವರ ಹೆಸರು ತೆಗೆದದ್ದು ಅವರು ಸತ್ತ ಮೇಲೆ. ನನ್ನದನ್ನು ಜೀವ ಇರುವಾಗಲೇ ತೆಗೀತಾರಂತೆ."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಕಾಫಿ ಕೊಟ್ಟೆ. ಲೋಟ ಹಿಡಿಯುವಾಗ ಅವಳ ಬೆರಳು ನೋಡಿದೆ. ಹೆಬ್ಬೆರಳು ಹುಣಸೆಬೀಜದ ಹಾಗೆ ನುಣ್ಣಗೆ. ಉಳಿದ ಬೆರಳುಗಳ ತುದಿಯಲ್ಲಿ ಒಡಕು, ಒಡಕಿನಲ್ಲಿ ಹೊಗೆಸೊಪ್ಪಿನ ಕಪ್ಪು. ಬಿಸಿ ಲೋಟ ಅವಳಿಗೆ ಸುಡುತ್ತಲೂ ಇರಲಿಲ್ಲ.

"ನಾನು ಎಣ್ಣೆ ಮಾಡಿ ಕೊಡ್ತೇನೆ, ನೋಡಿ," ಎಂದು ಬಿಟ್ಟೆ. ಕೊಟ್ಟ ಮಾತು ದೊಡ್ಡದಾಯಿತೇನೋ ಎಂದು ಹೇಳಿದ ಮೇಲೆ ಅನ್ನಿಸಿತು.

ಗಡಿಬಿಡಿ ಅಲ್ಲಿಂದ ಶುರು. ಹತ್ತು ಗಂಟೆಗೆ ಇಬ್ಬನಿ ಆರಿದ ಮೇಲೆ ಹೂ ಕೀಳುವುದು, ಗೆರಸೆಯಲ್ಲಿ ನೆರಳಿಗೆ ಹರಡುವುದು. ಕಿತ್ತಷ್ಟೂ ಮೊಗ್ಗು ಬರುತ್ತಿತ್ತು. ಐದನೇ ದಿನಕ್ಕೆ ದಳಗಳೆಲ್ಲ ಕಾಗದದ ಹಾಗಾದವು. ಬುಡ ಒತ್ತಿ ನೋಡಿದರೆ ಸ್ವಲ್ಪ ಮೆದು ಅನ್ನಿಸಿದ್ದು ಹೌದು. ಮತ್ತೆ ಮೂರು ದಿನ ಎಂದ ಸಿಸ್ಟರ್ ನೆನಪಾದದ್ದೂ ಹೌದು. ಆದರೆ ತಿಂಗಳು ಓಡುತ್ತಿತ್ತು. ಕಾಫಿಪುಡಿಯ ಗಾಜಿನ ಬಾಟ್ಲಿ ತೊಳೆದು ಒಣಗಿಸಿ, ಹೂ ತುಂಬಿ, ಗಾಣದ ತೆಂಗಿನೆಣ್ಣೆ ಮುಳುಗುವಷ್ಟು ಸುರಿದು, ಬಿಗಿಯಾಗಿ ಮುಚ್ಚಿ ಜಗಲಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಚಳಿಗೆ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಬೆಳ್ಳಗಾಗುತ್ತಿತ್ತು, ದಳಗಳು ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಹನ್ನೊಂದು ಗಂಟೆಗೆ ಕರಗಿ ಪುನಃ ಈಜುತ್ತಿದ್ದವು. ಇವರು ಕಚೇರಿಗೆ ಹೊರಡುವಾಗ ದಿನಾ ಬಾಟ್ಲಿಗೆ ಕೈಮುಗಿದು, "ಬರ್ತೇನೆ ಡಾಕ್ಟ್ರೇ," ಎನ್ನುತ್ತಿದ್ದರು.

ಹದಿನೈದನೇ ದಿನ ಗಿರಿಜಕ್ಕನನ್ನು ಎದುರಿಗೆ ಕೂರಿಸಿಕೊಂಡು ಮುಚ್ಚಳ ತೆಗೆದೆ. ಮಳೆಗಾಲದಲ್ಲಿ ಒದ್ದೆ ಶಾಲೆಚೀಲವನ್ನು ಎರಡು ದಿನ ಮರೆತರೆ ಬರುವ ವಾಸನೆ. ತಳದಲ್ಲಿ ನಾಲ್ಕು ಹನಿ ನೀರು, ಮೇಲೆ ತೇಲುವ ಹೂವಿಗೆಲ್ಲ ಬೂದು ಬಣ್ಣದ ಬೂಷ್ಟು. ಗಿರಿಜಕ್ಕ ನನ್ನ ಮುಖ ನೋಡಿದಳು. ಬಾಟ್ಲಿ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಗೆರಸೆಯಲ್ಲಿ ಉಳಿದಿದ್ದ ಒಂದು ಒಣಹೂ ಹೆಕ್ಕಿ ಕಿವಿಯ ಹತ್ತಿರ ಹಿಡಿದು ಬುಡ ಮುರಿದಳು.

"ಸದ್ದು ಬರ್ಲಿಲ್ಲ," ಎಂದಳು.

"ಯಾವ ಸದ್ದು?"

"ಅಯ್ಯೋ ಅಕ್ಕ, ನಲವತ್ತು ವರ್ಷದಿಂದ ನಾನು ಮಾಡುವುದೇ ಇದಲ್ವಾ? ಎಲೆ ಒದ್ದೆ ಉಂಟಾ ಒಣ ಉಂಟಾ ಅಂತ ನೋಡುವುದು. ಒದ್ದೆ ಹೆಚ್ಚಾದ್ರೆ ಬೀಡಿಗೆ ಬೂಷ್ಟು, ಬೀಡಿ ಕಂಪೆನಿಯ ಬ್ರಾಂಚಿನಿಂದ ವಾಪಸ್. ನನ್ನ ಬೆರಳಿಗೆ ಈಗ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗ್ತದೆ. ಈ ಹೂವಿನ ಬುಡ ಟಕ್ ಅನ್ಬೇಕು. ಇದು ಮುರೀಲಿಲ್ಲ, ಬಗ್ಗಿತು. ಕಾನ್ವೆಂಟಿನಲ್ಲಿ ಇದನ್ನು ಕಲಿಸ್ಲಿಲ್ವಾ?"

"ಕಲಿಸಿದ್ರು. ನಾನೇ ಕೇಳ್ಲಿಲ್ಲ," ಎಂದೆ. ಆ ಎಣ್ಣೆಯನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದೆ.

ಎರಡನೇ ಸಲ ಒಣಗಿಸುವ ಅಧಿಕಾರ ಗಿರಿಜಕ್ಕನದ್ದು. ನೆರಳಿನಲ್ಲಿ ವಾರ ಇಟ್ಟ ಮೇಲೆ ಗೆರಸೆಯನ್ನು ತನ್ನ ಬಚ್ಚಲ ಒಲೆಯ ಮೇಲಿನ ಹಲಗೆಗೆ ಏರಿಸಿದಳು. ಸ್ನಾನದ ನೀರು ಕಾದು, ಬೆಂಕಿ ಆರಿ, ಹೊಗೆ ಹೋಗಿ ಬರೀ ಕೆಂಡದ ಬಿಸಿ ಉಳಿದ ಮೇಲೆ ಮಾತ್ರ. ದಿನಾ ಸಂಜೆ ಒಂದು ಹೂ ಕಿವಿಗೆ. "ಇಲ್ಲ." ಮರುದಿನ, "ಇಲ್ಲ." ಜನವರಿಯ ಎರಡನೇ ವಾರ ಒಂದು ಸಂಜೆ ಬೇಲಿಯ ಆಚೆಯಿಂದ ಕೂಗಿದಳು, "ಅಕ್ಕಾ, ಟಕ್ ಅಂತು!"

ಈ ಸಲ ಬಿಸಿಲನ್ನು ನಂಬಲಿಲ್ಲ. ಅಗಲ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ಬಟ್ಟೆ ಹಾಕಿ, ಹೂವು ಎಣ್ಣೆ ತುಂಬಿದ ಬಾಟ್ಲಿಯನ್ನು ಅದರಲ್ಲಿ ನಿಲ್ಲಿಸಿ ಸಣ್ಣ ಉರಿಯಲ್ಲಿ ಕಾಸಿದೆ. ನೀರು ಕುದಿಯಬಾರದು, ಒಂದು ಹನಿಯೂ ಬಾಟ್ಲಿಯೊಳಗೆ ಹಾರಬಾರದು. ಮೂರು ಗಂಟೆ ಹೊತ್ತು ಅಡುಗೆಮನೆ ಬಿಟ್ಟು ಕದಲಲಿಲ್ಲ, ಮರುದಿನ ಇನ್ನೊಮ್ಮೆ ಹಾಗೆಯೇ. ಇವರ ಪಂಚೆ ಹರಿದು ನಾಲ್ಕು ಮಡಿಕೆ ಮಾಡಿ ಸೋಸಿದೆ. ಮದುವೆ ಮನೆಯ ಸಾರಿನ ಮೇಲೆ ತೇಲುವ ಎಣ್ಣೆಯ ಬಣ್ಣ ಬಂತು. ಮೂಗಿಗೆ ಹಿಡಿದರೆ ಮದ್ದಿನ ಕೋಣೆ, ಬೆಂಚು, ಸಿಸ್ಟರರ ಬೈಗುಳ, ಎಲ್ಲ ಉಂಟು.

"ಒಳ್ಳೆ ಪಂಚೆ ಹರಿದದ್ದಾ?" ಎಂದರು ಇವರು.

"ಹರಿದ ಪಂಚೆಯನ್ನೇ ಹರಿದದ್ದು," ಎಂದೆ.

ಮೊದಲು ಗಿರಿಜಕ್ಕನ ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ಕಾದೆವು, ತುರಿಕೆ ಬರುತ್ತದಾ ಎಂದು. ಬರಲಿಲ್ಲ. ಕೈಗೆ ಎಣ್ಣೆ ಇದ್ದರೆ ಎಲೆ ಜಾರುತ್ತದೆ, ಹೊಗೆಸೊಪ್ಪು ಅಂಟುತ್ತದೆ. ಹಾಗಾಗಿ ದಿನದ ಕೊನೆಯ ಕಟ್ಟು ಮುಗಿದು, ಕೈ ಸಾಬೂನು ಹಾಕಿ ತೊಳೆದ ಮೇಲೆಯೇ ಹಚ್ಚುವುದು. ಗಿರಿಜಕ್ಕ ಮೊದಲೆರಡು ದಿನ ಕೈ ಕೊಡಲು ನಾಚಿದಳು. "ನಾರ್ತದೆ ಅಕ್ಕ," ಎಂದು ಸೆರಗಿನೊಳಗೆ ಅಡಗಿಸಿದಳು. ನಾನು ಒಂದೊಂದೇ ಬೆರಳು ಬಿಡಿಸಿ ತಿಕ್ಕಿದೆ. ಎಣ್ಣೆ ಹಾಸಿಗೆಗೆ ತಾಗದಿರಲಿ ಎಂದು ಇವರ ಹಳೆಯ ಕಾಲುಚೀಲ ಅವಳ ಕೈಗೆ ಹಾಕಿ ಕಳಿಸಿದೆ.

"ಹುಟ್ಟಿದ ಮೇಲೆ ಕಾಲಿಗೇ ಹಾಕಿದವಳಲ್ಲ ನಾನು," ಎಂದು ಎರಡೂ ಕೈ ಎತ್ತಿ ತೋರಿಸುತ್ತ ಬೇಲಿ ದಾಟಿದಳು.

ಹತ್ತು ದಿನದಲ್ಲಿ ಒಡಕು ಮೆದುವಾಯಿತು. ಅದನ್ನು ನೋಡಿ ಗಿರಿಜಕ್ಕನಿಗೆ ಎಲ್ಲಿಲ್ಲದ ಉತ್ಸಾಹ. ನನಗೆ ಹೇಳದೆ, ಹೋಗುವ ಮೊದಲು ಇನ್ನಷ್ಟು ಇರಲಿ ಎಂದು ಹತ್ತೂ ಬೆರಳಿಗೆ ಎಣ್ಣೆ ಹಚ್ಚಿಕೊಂಡು ರೇಷನ್ ಅಂಗಡಿಗೆ ಹೋದಳು. ಯಂತ್ರದ ಗಾಜಿನ ಮೇಲೆ ಬೆರಳು ಜಾರಿತು. ಗಾಜೆಲ್ಲ ಜಿಡ್ಡು.

"ಎಂತ ಗಿರಿಜಕ್ಕ, ಬಂಗುಡೆ ಮೀನು ಹುರಿದು ಸೀದಾ ಬಂದದ್ದಾ?" ಎಂದರಂತೆ ಅಂಗಡಿಯವರು, ಕರ್ಚೀಪಿನಿಂದ ಗಾಜು ಉಜ್ಜುತ್ತ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳೂ ನಕ್ಕಳಂತೆ. ಆದರೆ ಆಮೇಲೆ ಎರಡು ದಿನ ನಮ್ಮ ಜಗಲಿಗೆ ಬರಲಿಲ್ಲ.

ಮೂರನೇ ದಿನ ನಾನೇ ಹೋದೆ. ಒಳಗೆ ಕತ್ತಲೆಯಲ್ಲಿ ಕೂತು ಬೀಡಿ ಸುತ್ತುತ್ತಿದ್ದಳು.

"ಬೇಡ ಅಕ್ಕ," ಎಂದಳು, ತಲೆ ಎತ್ತದೆ. "ಮರಕ್ಕೆ ಎಣ್ಣೆ ಹಚ್ಚಿದ್ರೆ ಚಿಗುರ್ತದಾ? ನಿಮ್ಮ ಕೈ ನೋವು, ನನ್ನ ಮರ್ಯಾದೆ. ಬಿಡುವ ಇದನ್ನು."

ಮನೆಗೆ ಬಂದವಳ ಕಣ್ಣಿಗೆ ಇವರ ಮೇಜಿನ ಮೇಲಿದ್ದ ಸ್ಟ್ಯಾಂಪ್ ಪ್ಯಾಡ್ ಬಿತ್ತು. ಅದನ್ನೂ ಒಂದು ಬಿಳಿ ಹಾಳೆಯನ್ನೂ ಹಿಡಿದು ಪುನಃ ಬೇಲಿ ದಾಟಿದೆ. "ಒಂದು ಸಲ, ನನಗೋಸ್ಕರ," ಎಂದು ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿದೆ. ಬಾಗಿಲ ಬೆಳಕಿಗೆ ಬಂದು, ಕನ್ನಡಕ ಹಾಕಿ ನೋಡಿದೆವು. ಹೆಬ್ಬೆರಳು ಎರಡೂ ಬರೀ ನೇರಳೆ ಮಸಿ, ಬೊಟ್ಟು ಇಟ್ಟ ಹಾಗೆ. ತೋರುಬೆರಳೂ ಹಾಗೇ. ನಡುಬೆರಳು, ಕಿರುಬೆರಳು ಅರ್ಧಂಬರ್ಧ. ಆದರೆ ಎಡಗೈಯ ಉಂಗುರಬೆರಳಿನ ಗುರುತಿನಲ್ಲಿ ಗೆರೆಗಳಿದ್ದವು. ಒಂದರ ಒಳಗೆ ಒಂದು ಸುತ್ತಿಕೊಂಡ, ಉತ್ತ ಗದ್ದೆಯ ಹಾಗಿನ ಗೆರೆಗಳು. ನಟ್ಟನಡುವೆ ಮಾತ್ರ ಅಡ್ಡಕ್ಕೆ ಒಂದು ಬಿಳಿ ಪಟ್ಟಿ.

"ಗಿರಿಜಕ್ಕ, ಇಲ್ಲಿ ನೀವು ಇದ್ದೀರಿ!" ಎಂದೆ. ನನ್ನ ಸ್ವರ ಸ್ವಲ್ಪ ಜೋರಾಯಿತು.

ಅವಳು ಹಾಳೆ ನೋಡಿದಳು, ಬೆರಳು ನೋಡಿದಳು. "ಈ ಬಿಳಿ ನೂಲಿನದ್ದು," ಎಂದಳು ನಿಧಾನಕ್ಕೆ. ಬೀಡಿ ಕಟ್ಟುವ ನೂಲನ್ನು ಆ ಬೆರಳಿಗೆ ಸುತ್ತಿ ಎಳೆಯುವುದು ಅವಳ ಅಭ್ಯಾಸ. ದಿನಾ ಎಳೆದು ಎಳೆದು ಅಲ್ಲೊಂದು ಸೀಳು ಬಿದ್ದಿತ್ತು. ರಾತ್ರಿ ಎಣ್ಣೆಯಿಂದ ಅದು ಸ್ವಲ್ಪ ಕೂಡಿಕೊಂಡರೆ ಹಗಲು ನೂಲು ಬಂದು ಪುನಃ ಸೀಳುತ್ತಿತ್ತು.

"ಹಾಗಾದ್ರೆ ನೂಲು ಬಿಡಿ."

"ನೂಲು ಬಿಟ್ರೆ ಬೀಡಿ ಎಲ್ಲಿಂದ? ಬೀಡಿ ಬಿಟ್ರೆ ಗಂಜಿ ಎಲ್ಲಿಂದ?"

"ನೀವು ಸುತ್ತಿ. ನೂಲು ನಾನು ಕಟ್ತೇನೆ."

ಗಿರಿಜಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಮಾರ್ಕೆಟಿನಲ್ಲಿ ಮೀನು ನೋಡುವ ಹಾಗೆ. "ನಿಮ್ಮ ಮನೆಯವರು?"

"ಅವರು ಕಟ್ಟುವುದು ಬೇಡ," ಎಂದೆ.

ಫೆಬ್ರವರಿ ಪೂರಾ ಹಾಗೆ ಹೋಯಿತು. ಬೆಳಿಗ್ಗೆ ಹತ್ತರಿಂದ ಜಗಲಿಯಲ್ಲಿ ನಾವಿಬ್ಬರು ಎದುರುಬದುರು. ಅವಳು ಸುತ್ತಿ ನನ್ನ ಕಡೆ ತಳ್ಳುವುದು, ನಾನು ಕಟ್ಟುವುದು. ಮೊದಲ ದಿನ ಹೊಗೆಸೊಪ್ಪಿನ ಘಾಟಿಗೆ ಸೀನು ನಿಲ್ಲಲಿಲ್ಲ. ನಾನು ಸಡಿಲ ಕಟ್ಟಿದರೆ ಬೀಡಿ ಬಿಚ್ಚಿಕೊಳ್ಳುತ್ತದೆ, ಬಿಗಿ ಕಟ್ಟಿದರೆ ನಡು ಮುರಿಯುತ್ತದೆ. ಮೊದಲ ವಾರ ಬ್ರಾಂಚಿನಲ್ಲಿ ಒಂದು ಹಿಡಿ ಬೀಡಿ ತೆಗೆದು ಹೊರಗೆ ಹಾಕಿ, "ಇದೆಂತದು ಗಿರಿಜಕ್ಕ, ಹಗಲೇ ನಿದ್ದೆ ಬಂತಾ?" ಎಂದು ಕೇಳಿದರಂತೆ.

"ನಮ್ಮ ಮನೆಗೆ ಹೊಸ ಕೆಲಸದವಳು ಬಂದಿದ್ದಾಳೆ, ಕಾನ್ವೆಂಟಿನಲ್ಲಿ ಕಲಿತವಳು ಅಂದೆ," ಎಂದು ನನಗೆ ವರದಿ ಕೊಟ್ಟಳು.

ಒಂದು ದಿನ ಇವರು ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಹಲ್ಲಿನಲ್ಲಿ ನೂಲು ಕಚ್ಚಿಕೊಂಡ ಹೆಂಡತಿಯನ್ನು ಗೇಟಿನ ಹತ್ತಿರವೇ ನಿಂತು ನೋಡಿದರು. ಇವರು ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಒಂದು ಬೀಡಿ ಎತ್ತಿ ಬೆಳಕಿಗೆ ಹಿಡಿದು, "ಇದು ನಿನ್ನದಾ?" ಎಂದರು.

"ಹೂಂ."

"ಚಪಾತಿಗಿಂತ ರೌಂಡ್ ಉಂಟು," ಎಂದು ಒಳಗೆ ಹೋದರು. ಗಿರಿಜಕ್ಕ ಸೆರಗು ಬಾಯಿಗೆ ಒತ್ತಿ ನಕ್ಕದ್ದು ಈಗಲೂ ಕಣ್ಣ ಮುಂದಿದೆ.

ಪ್ರತಿ ಭಾನುವಾರ ಸ್ಟ್ಯಾಂಪ್ ಪ್ಯಾಡ್. ಎಡಗೈಯ ಉಂಗುರಬೆರಳು ಮಾತ್ರ, ಅದೇ ಹಾಳೆಯಲ್ಲಿ, ಹಳೆಯದರ ಪಕ್ಕ. ಬಿಳಿ ಪಟ್ಟಿ ದಾರದಷ್ಟಾಯಿತು, ಆಮೇಲೆ ಕೂದಲಿನಷ್ಟು. ಹೆಬ್ಬೆರಳಿನಲ್ಲಿ ಒಂದು ಗೆರೆಯೂ ಹುಟ್ಟಲಿಲ್ಲ. ಹುಟ್ಟದ್ದನ್ನು ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆ ಸೀಳು ಕೂಡಿದ್ದು ಎಣ್ಣೆಯಿಂದಲೋ, ನೂಲು ಬಿಟ್ಟದ್ದರಿಂದಲೋ, ಎರಡರಿಂದಲೂ ಹೌದೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಕಾಲುಚೀಲ ಹಾಕಿ ಬೇಲಿ ದಾಟುವ ಅವಳ ಕೈಗಳು ಮಾತ್ರ ದಿನದಿಂದ ದಿನಕ್ಕೆ ಮೆದುವಾಗುತ್ತಿದ್ದವು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದವಳು ತಟ್ಟನೆ ಕೆಳಗಿಟ್ಟು, "ಬಿಸಿ!" ಎಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಿಂಗಳು ಮುಗಿಯಲು ಮೂರು ದಿನ ಇರುವಾಗ ಇಬ್ಬರೂ ರೇಷನ್ ಅಂಗಡಿಗೆ ಹೊರಟೆವು. ಹಿಂದಿನ ರಾತ್ರಿ ಎಣ್ಣೆ ಬೇಡ ಎಂದಿದ್ದೆ. ಬೆಳಿಗ್ಗೆ ಹೆಸರುಹಿಟ್ಟಿನಲ್ಲಿ ಎರಡು ಸಲ ತೊಳೆಸಿ, ಒರೆಸಿ, ಅವಳು ದಾರಿಯಲ್ಲಿ ಏನನ್ನೂ ಮುಟ್ಟದ ಹಾಗೆ ಚೀಲವನ್ನು ನಾನೇ ಹಿಡಿದುಕೊಂಡೆ. ಎಡಗೈಯನ್ನು ಎದೆಯ ಹತ್ತಿರ ಎತ್ತಿ ಹಿಡಿದುಕೊಂಡು ನಡೆದಳು, ಹೊಸ ಬಳೆ ಇಟ್ಟ ಮದುಮಗಳ ಹಾಗೆ. ಸಾಲಿನಲ್ಲಿದ್ದ ಒಬ್ಬಾಕೆ, "ಇವತ್ತು ಬಂಗುಡೆ ಇಲ್ವಾ?" ಎಂದಳು.

"ಇವತ್ತು ಒಪ್ಪತ್ತು," ಎಂದಳು ಗಿರಿಜಕ್ಕ.

ಅಂಗಡಿಯವರು ಅಭ್ಯಾಸದಂತೆ ಹೆಬ್ಬೆರಳು ಕೇಳಿದರು. "ಅದಲ್ಲ, ಇದು," ಎಂದು ಅವಳು ಉಂಗುರಬೆರಳು ಚಾಚಿದಳು. ಒಂದನೇ ಸಲ ಯಂತ್ರ ಕೆಂಪು ತೋರಿಸಿತು. ಗಿರಿಜಕ್ಕ ಬೆರಳನ್ನು ಸೆರಗಿಗೆ ಒರೆಸಿ, ತುಟಿಯ ಹತ್ತಿರ ಹಿಡಿದು ಉಸಿರು ಊದಿ, ಪುನಃ ಇಟ್ಟಳು. ಕೆಂಪು. ನಾನು ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅಮ್ಮ ಕಲಿಸಿದ ಶ್ಲೋಕವನ್ನೂ ಕಲಸಿ ಏನೋ ಹೇಳಿಕೊಳ್ಳುತ್ತಿದ್ದೆ.

"ಒತ್ತಬೇಡಿ ಗಿರಿಜಕ್ಕ," ಎಂದರು ಅಂಗಡಿಯವರು, ಈ ಸಲ ತಮಾಷೆ ಇಲ್ಲದೆ. "ಸುಮ್ಮನೆ ಇಡಿ. ಮಲಗಿಸಿದ ಹಾಗೆ."

ಮಲಗಿಸಿದ ಹಾಗೆ ಇಟ್ಟಳು. ಯಂತ್ರ ಯೋಚಿಸಿತು. ಆಮೇಲೆ ಹಸುರು.

ಅಂಗಡಿಯವರು ಪರದೆ ನೋಡಿ ಅವಳ ಪೂರ್ತಿ ಹೆಸರು ಗಟ್ಟಿಯಾಗಿ ಓದಿದರು. ಮನೆತನ, ಗಂಡನ ಹೆಸರು ಎಲ್ಲ ಸೇರಿದ ಉದ್ದದ ಹೆಸರು, ಅಷ್ಟು ತಿಂಗಳಲ್ಲಿ ನಾನು ಒಮ್ಮೆಯೂ ಕೇಳದ್ದು. "ಇದ್ದೀರಲ್ಲ?" ಎಂದರು.

"ಇದ್ದೇನೆ," ಎಂದಳು ಗಿರಿಜಕ್ಕ, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ, ಕೈ ಎತ್ತಿ.

ಬರುವಾಗ ಅಕ್ಕಿಯ ಚೀಲವನ್ನು ಅವಳೇ ಹೊತ್ತಳು, ನನಗೆ ಕೊಡಲಿಲ್ಲ. ಮನೆ ತಲುಪಿದವಳು ಪಾತಿಯ ಹತ್ತಿರ ನಿಂತಳು. ಬಿಸಿಲು ಏರಿ ಕ್ಯಾಲೆಂಡುಲದ ಎಲೆ ಬಾಡುತ್ತಿತ್ತು, ಮೊಗ್ಗಿಗೆ ಹೇನು ಹತ್ತಿತ್ತು, ಅದರ ಕಾಲ ಮುಗಿದಿತ್ತು. "ಬೀಜ ತೆಗೆದಿಡುವ ಅಕ್ಕ," ಎಂದಳು. "ಬಡ ತಂಗಿ ಆದ್ರೂ ಒಳ್ಳೆಯವಳು." ಬೀಜವನ್ನು ಎರಡು ಪೊಟ್ಟಣ ಮಾಡಿದೆವು.

ಮೇ ತಿಂಗಳಲ್ಲಿ ಇವರಿಗೆ ಪುನಃ ಈ ಕಡೆಗೆ ವರ್ಗವಾಯಿತು. ನಾವು ಪುತ್ತಿಗೆ ಬಿಟ್ಟು ಬಂದು ಈಗ ನಾಲ್ಕನೇ ಚಳಿಗಾಲ. ಗಿರಿಜಕ್ಕ ಈಗ ಬೀಡಿ ಅರ್ಧಕ್ಕೆ ಇಳಿಸಿದ್ದಾಳೆ, ನೂಲು ಎಳೆಯುವ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ. ತನ್ನ ಅಂಗಳದಲ್ಲಿ ಆರು ಗಿಡ ಇಟ್ಟುಕೊಂಡು, ಬ್ರಾಂಚಿಗೆ ಬರುವ ಹೆಂಗಸರಿಗೆಲ್ಲ ಎಣ್ಣೆ ಕಾಸಿ ಕೊಡುತ್ತಾಳೆ. ಕೊಡುವಾಗ, "ಅಂಗಡಿಗೆ ಹೋಗುವ ದಿನ ಹಚ್ಚಬೇಡಿ," ಎಂದು ತಪ್ಪದೆ ಹೇಳುತ್ತಾಳಂತೆ.

ನನ್ನ ಗಿಡಗಳು ಎರಡು ವರ್ಷ ಮಳೆಗೆ ಕೊಳೆತವು, ಒಂದು ವರ್ಷ ನಾನೇ ಬಿತ್ತಲಿಲ್ಲ. ಈ ಸಲ ಬಂದಿವೆ. ಮೊದಲ ಗೆರಸೆ ಹೂ ಕಿತ್ತು ಆ ಹಳೆಯ ಪಂಚೆಯ ತುಂಡಿನ ಮೇಲೆಯೇ ಹರಡಿದೆ. ನಿನ್ನೆಗೆ ಏಳು ದಿನ. ದಳ ಕಾಗದದ ಹಾಗಾಗಿತ್ತು, ಬುಡ ಒತ್ತಿದರೆ ಗಟ್ಟಿ ಅನ್ನಿಸಿತು. ಬಾಟ್ಲಿ ತೊಳೆದು ಒಣಗಿಸಿಯೂ ಆಗಿತ್ತು. ಆದರೂ ಎಣ್ಣೆ ಸುರಿಯಲು ಕೈ ಬರಲಿಲ್ಲ. ಪುತ್ತಿಗೆಗೆ ಫೋನ್ ಮಾಡಿದೆ.

"ಕಿವಿಗೆ ಹಿಡೀರಿ," ಎಂದಳು ಗಿರಿಜಕ್ಕ.

"ನನ್ನ ಕಿವಿಗಲ್ಲ, ನಿಮ್ಮ ಕಿವಿಗೆ," ಎಂದು ಫೋನನ್ನು ಗೆರಸೆಯ ಹತ್ತಿರ ತಂದು, ಒಂದು ಹೂವಿನ ಬುಡ ಮುರಿದೆ.

ಆಚೆ ಕಡೆ ಅವಳ ಕೋಳಿ ಕೂಗುವುದು ಕೇಳಿಸಿತು.

"ಮತ್ತೆ ಮೂರು ದಿನ, ಅಕ್ಕ," ಎಂದಳು.

ಬಾಟ್ಲಿಯನ್ನು ಕಪಾಟಿನಲ್ಲಿ ಬೋರಲು ಹಾಕಿ ಇಟ್ಟೆ. ಮೂರು ದಿನ ಕಾಯುತ್ತೇನೆ.